ಚೆಟ್ಲಾ ಮೂಲಂಗಿ, ಬ್ಯಾಡಗಿ ಖಾರ

ಕೋಲ್ಕತ್ತದ ಬೆಲ್ವೆಡೇರ್‌ನ ಗೇಟು ದಾಟಿ ರಸ್ತೆಗಿಳಿದಾಗ ಐದೂವರೆ. ಮೈಸೂರಿನಲ್ಲಾದರೆ ಇನ್ನೂ ಬಿಸಿಲು. ಇಲ್ಲಿ ಜನವರಿಯ ಕತ್ತಲೆ ಆಗಲೇ ಮರಗಳ ಬುಡಕ್ಕೆ ಬಂದು ಕೂತಿದೆ. ಒಣಗಿದ ಎಲೆ ಸುಟ್ಟ ವಾಸನೆ, ಅದರ ಬೆನ್ನಿಗೇ ಮಣ್ಣಿನ ಕುಡಿಕೆಗೆ ಹೊಯ್ದ ಚಹಾದ ವಾಸನೆ. ಬೆಳಗಿನಿಂದ ರಾಷ್ಟ್ರೀಯ ಗ್ರಂಥಾಲಯದ ಭಾಷಾ ಭವನದಲ್ಲಿ ಕನ್ನಡ ಪುಸ್ತಕಗಳ ನಡುವೆ ಇದ್ದೆ. 1953ರಲ್ಲಿ ಈ ಗ್ರಂಥಾಲಯ ಜನರಿಗೆ ತೆರೆದುಕೊಂಡಾಗ ಇದನ್ನು ನಡೆಸುತ್ತಿದ್ದವರು ಬಿ.ಎಸ್. ಕೇಶವನ್, ಮೈಸೂರಿನಲ್ಲಿ ಮೇಷ್ಟರಾಗಿದ್ದವರು. ಅಚ್ಚಾದ ಪ್ರತಿ ಪುಸ್ತಕದ ಒಂದು ಪ್ರತಿ ಇಲ್ಲಿಗೆ ಬರಬೇಕೆಂದು 1954ರಲ್ಲಿ ಕಾಯ್ದೆಯಾಯಿತು. ಹಾಗಾಗಿ ಧಾರವಾಡದಲ್ಲಿ ಅಚ್ಚಾದದ್ದನ್ನು ನಾನು ಅಲಿಪುರದಲ್ಲಿ ಕೂತು ಓದುತ್ತೇನೆ. ಗೇಟಿನಾಚೆ ಕನ್ನಡ ಮುಗಿಯುತ್ತದೆ. ನನ್ನನ್ನು ಹೆಸರು ಹಿಡಿದು ಕರೆಯುವವರು ಈ ರಸ್ತೆಯಲ್ಲಿ ಯಾರೂ ಇಲ್ಲ.

ನಡೆಯುತ್ತೇನೆ. ಎಡಬಲಕ್ಕೆ ಎತ್ತರದ ಗೋಡೆಗಳು, ಅವುಗಳಾಚೆ ದೊಡ್ಡ ಮನೆಗಳು, ಗೇಟಿನ ಬಳಿ ಮಫ್ಲರ್ ಸುತ್ತಿಕೊಂಡ ಕಾವಲುಗಾರರು. ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿಯ ತೋಟದ ಕಡೆಯಿಂದ ಒದ್ದೆ ಮಣ್ಣಿನ ತಂಪು ಬರುತ್ತದೆ. 1820ರಲ್ಲಿ ವಿಲಿಯಂ ಕೇರಿ ಕಟ್ಟಿದ ಸಂಸ್ಥೆ ಅದು. ಈ ಸುತ್ತಿನಲ್ಲೇ ಎಲ್ಲೋ 1780ರ ಆಗಸ್ಟ್ 17ರ ಬೆಳಿಗ್ಗೆ ವಾರನ್ ಹೇಸ್ಟಿಂಗ್ಸ್ ಮತ್ತು ಫಿಲಿಪ್ ಫ್ರಾನ್ಸಿಸ್ ಪಿಸ್ತೂಲು ಹಿಡಿದು ಎದುರುಬದುರು ನಿಂತಿದ್ದರು. ಡ್ಯುಯೆಲ್ ಅವೆನ್ಯೂ ಎಂಬ ರಸ್ತೆ ಇನ್ನೂ ಇದೆ. ಮುಂದೆ ಕೋರ್ಟು. ಅರವಿಂದರು 1909ರಲ್ಲಿ ಖುಲಾಸೆಯಾದದ್ದು ಅಲಿಪುರ ಬಾಂಬ್ ಮೊಕದ್ದಮೆಯಿಂದಲೇ. ಇಲ್ಲಿ ಹೆಜ್ಜೆಹೆಜ್ಜೆಗೂ ನೆನಪುಗಳಿವೆ. ಒಂದೂ ನನ್ನದಲ್ಲ. ಅದಕ್ಕೇ ಈ ರಸ್ತೆಯಲ್ಲಿ ಕಾಲು ಹಗುರ. ಮೈಸೂರಿನ ಯಾವ ತಿರುವಿನಲ್ಲೂ ಈಗ ನನಗೆ ಹೀಗೆ ನಡೆಯಲಾಗದು. ಅಲ್ಲಿ ಪ್ರತಿ ಅಂಗಡಿಯವನೂ ಅಮ್ಮನನ್ನು ಬಲ್ಲವನು.

ಅಮ್ಮ ಹೋದ ಮೇಲೆ ನಾನು ಸಾರು ಮಾಡುವುದನ್ನು ಬಿಟ್ಟೆ. ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಆ ಘಮದ ಹಿಂದೆ ಅವಳ ಅಡುಗೆಮನೆ ಇಡಿಯಾಗಿ ಎದ್ದು ಬರುತ್ತಿತ್ತು. ದುಃಖಕ್ಕೆ ಮನೆಯ ರುಚಿಯೇ ಮದ್ದು ಅನ್ನುತ್ತಾರೆ. ನನ್ನ ಮಟ್ಟಿಗೆ ಅದು ಗಾಯವನ್ನೇ ಮುಟ್ಟುತ್ತಿತ್ತು. ನಿದ್ದೆ ಬಾರದ ಆ ರಾತ್ರಿಗಳಲ್ಲಿ ನೋಡಿದ್ದು ಕೊರಿಯಾದ ‘ರಿಪ್ಲೈ 1988’ ಧಾರಾವಾಹಿ. ಸೋಲ್ ನಗರದ ಒಂದು ಓಣಿ, ಊಟದ ಹೊತ್ತಿಗೆ ಪಾತ್ರೆ ಹಿಡಿದು ಮನೆಯಿಂದ ಮನೆಗೆ ಓಡುವ ಮಕ್ಕಳು, ಹೊಗೆಯಾಡುವ ಮಡಕೆಯ ಸುತ್ತ ಕೂತ ಜನ. ಅವರ ಮನೆಯಡುಗೆಯೇ ನನಗೆ ಬೇಕು ಅನ್ನಿಸಿತು. ನನ್ನ ಯಾವ ನೆನಪೂ ಅಂಟದ ಅಡುಗೆ.

ಗೋಪಾಲನಗರದ ವೃತ್ತದಲ್ಲಿ ಬಸ್ಸು, ಆಟೋಗಳ ಗದ್ದಲ. ಅದನ್ನು ದಾಟಿ ಚೆಟ್ಲಾ ಮಾರ್ಕೆಟ್ಟಿಗೆ ಬಂದರೆ ಬಲ್ಬಿನ ಬೆಳಕಿನಲ್ಲಿ ಚಳಿಗಾಲದ ತರಕಾರಿಯ ರಾಶಿ. “ದಿದಿ, ಮುಲೊ ನೆಬೆನ್?” ನೀರು ಚಿಮುಕಿಸಿದ ಬಿಳಿ ಮೂಲಂಗಿ, ಮುರಿದರೆ ಟಕ್ಕೆನ್ನುವಂಥದ್ದು. ದಪ್ಪನೆಯವು ಎರಡು ಆರಿಸುತ್ತೇನೆ. ಜೊತೆಗೆ ಎಳೆ ಶುಂಠಿ, ಈರುಳ್ಳಿ ಸೊಪ್ಪು.

ಮನೆಗೆ ಬಂದು ಮೊದಲು ಮೂಲಂಗಿಯ ಕೆಲಸ. ಇವತ್ತು ಕಾಕ್ದುಗಿ, ಅಂದರೆ ಮೂಲಂಗಿಯ ಕಿಮ್ಚಿ. ಹೆಬ್ಬೆರಳಿನ ಗೆಣ್ಣಿನಷ್ಟು ದಪ್ಪದ ಚೌಕ ಹೋಳು, ಮೇಲೆ ಉಪ್ಪು, ಚಿಟಿಕೆ ಸಕ್ಕರೆ. ಅರ್ಧ ಗಂಟೆಯಲ್ಲಿ ಬಟ್ಟಲ ತಳದಲ್ಲಿ ನೀರು ನಿಲ್ಲುತ್ತದೆ, ಹೋಳು ಒತ್ತಿದರೆ ಬಾಗುತ್ತದೆ. ಕೊರಿಯಾದವರು ಗೊಚುಗಾರು ಎಂಬ ತರಿತರಿ ಮೆಣಸಿನಪುಡಿ ಹಾಕುತ್ತಾರೆ: ಬಣ್ಣ ಗಾಢ, ಖಾರ ಸೌಮ್ಯ. ನನ್ನಲ್ಲಿರುವುದು ಬ್ಯಾಡಗಿ. ಬೀಜ ಉದುರಿಸಿ ತರಿಯಾಗಿ ಪುಡಿ ಮಾಡಿದರೆ ಎರಡರ ನಡುವೆ ಬಹಳ ಅಂತರವಿಲ್ಲ. ಎರಡರ ಮೂಲವೂ ಅಮೆರಿಕ ಖಂಡವೇ ತಾನೆ. ಬೆಳ್ಳುಳ್ಳಿ, ಶುಂಠಿ ಜಜ್ಜಿ, ಮೀನಿನ ಸಾಸಿನ ಬದಲು ಸೋಯಾ ಸಾಸ್ ಸುರಿದು ಕೈಯಲ್ಲೇ ಕಲಸುತ್ತೇನೆ. ಬೆರಳ ಸಂದಿಯೆಲ್ಲ ಕೆಂಪು, ಉಗುರ ಬುಡ ಚುರುಚುರು. ಬಾಟಲಿಗೆ ಒತ್ತಿ ತುಂಬಿ ಮುಚ್ಚಳ ಸಡಿಲ ಬಿಡುತ್ತೇನೆ. ಹುಳಿ ಬರುವಾಗ ಗಾಳಿ ಹೊರಹೋಗಬೇಕು. ಚಳಿಗಾಲಕ್ಕೆಂದು ಇಡೀ ಓಣಿ ಸೇರಿ ಕಿಮ್ಚಿ ಹಾಕಿಡುವ ಪದ್ಧತಿ ಅವರದು, ಕಿಮ್‌ಜಾಂಗ್. 2013ರಲ್ಲಿ ಯುನೆಸ್ಕೊ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಒಬ್ಬಳೇ ಒಂದು ಬಾಟಲಿ ತುಂಬುವಾಗಲೂ ಆ ಓಣಿಯ ಹೆಂಗಸರು ನನ್ನ ಪಕ್ಕದಲ್ಲಿ ಕೂತಂತಿರುತ್ತದೆ.

ಈಗ ದ್ವೆನ್‌ಜಾಂಗ್ ಚಿಗೆ, ಅಂದರೆ ದ್ವೆನ್‌ಜಾಂಗ್ ಹಾಕಿ ಕುದಿಸುವ ಸ್ಟ್ಯೂ. ಬೆಂದ ಸೋಯಾ ಕಾಳನ್ನು ಕುಟ್ಟಿ, ಇಟ್ಟಿಗೆಯಾಕಾರಕ್ಕೆ ತಟ್ಟಿ ಒಣಗಿಸಿ, ಬೂಷ್ಟು ಹಿಡಿಸಿ, ಉಪ್ಪುನೀರಿನಲ್ಲಿ ವಾರಗಟ್ಟಲೆ ನೆನೆಹಾಕುತ್ತಾರೆ. ಬಸಿದ ನೀರು ಸೋಯಾ ಸಾಸ್. ಉಳಿದ ಗಷ್ಟವನ್ನು ಮತ್ತೆ ತಿಂಗಳುಗಟ್ಟಲೆ ಕಳಿಯಲು ಬಿಟ್ಟರೆ ಅದೇ ದ್ವೆನ್‌ಜಾಂಗ್. ಆ ಗಟ್ಟಿ ವಾಸನೆಗೆ ಮೂಗು ಒಗ್ಗಲು ಸಮಯ ಬೇಕು. ಒಗ್ಗಿದ ಮೇಲೆ ಬಿಡಲಾಗದು. ಅಕ್ಕಿ ತೊಳೆಯುತ್ತೇನೆ. ಮೊದಲ ನೀರು ಚೆಲ್ಲಿ ಎರಡನೆಯದನ್ನು ಪಾತ್ರೆಗೆ ಹಿಡಿಯುತ್ತೇನೆ. ಚಿಗೆ ಕುದಿಯುವುದು ಅದರಲ್ಲೇ. ಸ್ವಲ್ಪ ಮಂದವಾಗುತ್ತದೆ, ಉಪ್ಪಿನ ಮೊನೆ ಮುರಿಯುತ್ತದೆ.

ಬಿಳಿಯ ನೀರು ಕೈಮೇಲೆ ಹರಿಯುವಾಗ ಅಮ್ಮ ಬರುತ್ತಾಳೆ. ಕರೆಯದೆಯೇ. ಹಿತ್ತಿಲ ಬಾಗಿಲಲ್ಲಿ, ಪಕ್ಕದ ಮನೆಯ ಹಸುವಿಗೆಂದು ಅಕ್ಕಚ್ಚಿನ ಬಕೆಟ್ಟು ಹಿಡಿದು. ಒಂದು ಹನಿಯನ್ನೂ ಚೆಲ್ಲಲು ಬಿಡುತ್ತಿರಲಿಲ್ಲ. ನಲ್ಲಿ ನಿಲ್ಲಿಸಿ ನಿಲ್ಲುತ್ತೇನೆ. ಎದೆ ಹಿಂಡುವುದಿಲ್ಲ. ಅವಳು ಬಂದಷ್ಟು ಹೊತ್ತು ಇರಲಿ ಎಂದು ಆಲೂಗಡ್ಡೆ ಹೆಚ್ಚುತ್ತೇನೆ, ತೋಫು ಕತ್ತರಿಸುತ್ತೇನೆ, ಒಂದು ಚಮಚ ದ್ವೆನ್‌ಜಾಂಗನ್ನು ಸಟ್ಟುಗದಲ್ಲೇ ಕರಗಿಸಿ ಕುದಿಗೆ ಬಿಡುತ್ತೇನೆ.

ಬಿಸಿ ಅನ್ನ, ಮೇಲೆ ಚಿಗೆ. ಕಾಕ್ದುಗಿ ಇನ್ನೂ ಹುಳಿಯಾಗಿಲ್ಲ. ಹಸಿಯಾಗಿಯೇ ಒಂದು ಹೋಳು ಕಚ್ಚಿದರೆ ಮೊದಲು ಸಿಹಿ, ಆಮೇಲೆ ಬೆಳ್ಳುಳ್ಳಿ, ಕೊನೆಗೆ ಬ್ಯಾಡಗಿ. ಎರಡನೆಯ ಸಲ ಬಡಿಸಿಕೊಳ್ಳುವಾಗ ತಂಗಿಯ ಫೋನು.

“ಊಟ ಆಯ್ತಾ ಅಕ್ಕ?”

“ಮಾಡ್ತಾ ಇದೀನಿ ಕಣೇ. ಮೆಣಸಿನಕಾಯಿ ಮುಗೀತಾ ಬಂತು. ಅರ್ಧ ಕಿಲೋ ಕಳಿಸ್ತೀಯಾ?”

“ಸಾರಿನ ಪುಡೀನೂ ಹಾಕ್ಲಾ? ಅಮ್ಮನ ಅಳತೇಲೇ ಮಾಡಿದೀನಿ.”

“ಇನ್ನೂ ಬೇಡ. ಬ್ಯಾಡಗಿ ಸಾಕು. ತೊಟ್ಟು ಬಿಡಿಸಿ ಕಳಿಸು, ಬೀಜ ನಾನೇ ತೆಗೀತೀನಿ.”