ಪೊರೆಯ ಮೇಲೊಂದು ಪೊರೆ

ಮೆಂಬ್ರೇನ್‌ಗೆ ಕನ್ನಡದಲ್ಲಿ 'ಪೊರೆ' ಅಂತಾರೆ ಅಂತ ನನಗೆ ಗೊತ್ತಾಗಿದ್ದು ಹೋದ ತಿಂಗಳು. (ನರ್ಸರಿಯಿಂದಲೂ ಇಂಗ್ಲಿಷ್ ಮೀಡಿಯಂ, ಕ್ಷಮೆ ಇರಲಿ.) ಹೊಸ ಪದ ಸಿಕ್ಕ ಖುಷಿಗೆ ಅಜ್ಜಿಗೆ ಫೋನ್ ಮಾಡಿ, "ಪೊರೆ ಹಾಕಿ ಎಣ್ಣೆ ನೀರು ಸೋಸ್ತಾ ಇದೀವಿ" ಅಂದೆ. ಅಜ್ಜಿಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು. "ಪೊರೆ ತೆಗೀತಾರೆ ಕಣೋ, ಹಾಕ್ತಾರಾ ಯಾರಾದ್ರೂ?" ಅಂದ್ರು.

ನಮ್ಮದು ಕೆಮಿಕಲ್ ಬ್ರಾಂಚ್, ಮಿನಿ ಪ್ರಾಜೆಕ್ಟ್ ರಿಫೈನರಿಯ ಕೊಳಕು ನೀರಿನ ಮೇಲೆ. ಕಚ್ಚಾ ತೈಲದಲ್ಲಿ ಉಪ್ಪಿರುತ್ತೆ, ಅದನ್ನು ತೆಗೆಯೋಕೆ ತೈಲವನ್ನೇ ನೀರಲ್ಲಿ ತೊಳೀತಾರೆ. ಆ ನೀರು ಹೊರಬರುವಾಗ ಎಣ್ಣೆ ಹೊತ್ತುಕೊಂಡೇ ಬರುತ್ತೆ. ಎಣ್ಣೆ ತೇಲುತ್ತಲ್ಲ, ಮೇಲಿಂದ ಬಳಿದರಾಯ್ತು ಅಂದುಕೊಂಡಿದ್ದೆ. ಎಪಿಐ ಸೆಪರೇಟರ್ ಮಾಡೋದು ಅದನ್ನೇ, ಆದರೆ ಅದರ ಲೆಕ್ಕ 150 ಮೈಕ್ರಾನ್ ಹನಿಗೆ. ಸ್ಟೋಕ್ಸ್ ನಿಯಮದ ಪ್ರಕಾರ 1 ಮೈಕ್ರಾನ್ ಹನಿ ಏರೋದು ಅದಕ್ಕಿಂತ 22,500 ಪಟ್ಟು ನಿಧಾನ. ಡೀಸೆಲ್‌ಗೆ ಲೆಕ್ಕ ಹಾಕಿ ನೋಡಿದೆ: ಒಂದು ಮೀಟರ್ ಮೇಲೇರೋಕೆ ಹೆಚ್ಚುಕಮ್ಮಿ ಒಂದು ಸೆಮಿಸ್ಟರ್! ನಮ್ಮ ದೇಶದ ನಿಯಮದಂತೆ ರಿಫೈನರಿ ಹೊರಬಿಡೋ ನೀರಲ್ಲಿ ಎಣ್ಣೆ, ಗ್ರೀಸ್ ಲೀಟರಿಗೆ 5 ಮಿಲಿಗ್ರಾಂ ದಾಟಬಾರದು. ಹಾಗಾಗಿ ಈ ಸಣ್ಣ ಹನಿಗಳಿಗೆ ಅಲ್ಟ್ರಾಫಿಲ್ಟ್ರೇಷನ್. ಅದರ ರಂಧ್ರ 0.1 ಮೈಕ್ರಾನ್‌ಗಿಂತ ಚಿಕ್ಕದು.

ಡೀಸೆಲ್, ನೀರು, ಚೂರು ಡಿಟರ್ಜೆಂಟ್, ಹಾಸ್ಟೆಲ್‌ನ ರಿಟೈರ್ಡ್ ಮಿಕ್ಸಿ. ತಿರುಗಿಸಿದರೆ ಮಜ್ಜಿಗೆ ಥರ ಆಯ್ತು. 1 ಬಾರ್ ಒತ್ತಡದಲ್ಲಿ ಪೊರೆಯ ಆಚೆ ಕಡೆಯಿಂದ ತಿಳಿ ನೀರು! ಮೊದಲ ಐದು ನಿಮಿಷಕ್ಕೆ 42 ಎಂಎಲ್. ಫೋಟೋ ತೆಗೆದು ಸ್ಟೇಟಸ್‌ಗೂ ಹಾಕಿದೆ. ಒಂದು ಗಂಟೆ ಆದಮೇಲೆ ಅದೇ ಐದು ನಿಮಿಷಕ್ಕೆ 11.

ಪಾರ್ಟ್‌ನರ್ ಒತ್ತಡವನ್ನು 2 ಬಾರ್‌ಗೆ ಏರಿಸಿದ. 17ಕ್ಕೆ ಹತ್ತಿತು, ಅರ್ಧ ಗಂಟೆಯಲ್ಲಿ 9ಕ್ಕೆ ಇಳೀತು. ಆಮೇಲೆ ಓದಿದಾಗ ಗೊತ್ತಾಯ್ತು. ಎಣ್ಣೆ ಹನಿ ಮರಳಿನ ಕಾಳಲ್ಲ, ಮೆತ್ತಗಿರುತ್ತೆ. ಒತ್ತಿದಷ್ಟೂ ಚಪ್ಪಟೆಯಾಗಿ ರಂಧ್ರದೊಳಗೆ ನುಗ್ಗುತ್ತೆ, ಮೇಲೆ ಪದರ ಬಿಗಿಯಾಗುತ್ತೆ. ನಾವು ಹೆಚ್ಚಿಸಬೇಕಿದ್ದದ್ದು ಒತ್ತಡವನ್ನಲ್ಲ, ಪೊರೆಯ ಮೈ ಸವರಿಕೊಂಡು ಹೋಗೋ ಹರಿವಿನ ವೇಗವನ್ನು.

ಅಷ್ಟು ಹೊತ್ತಿಗೆ ರಾತ್ರಿ ಏಳೂವರೆ, ಮೆಸ್ ಟೈಮ್. "35 ಅಂತ ಬರ್ಕೋ ಮಗಾ, ಯಾರ್ ನೋಡ್ತಾರೆ?" ಅಂದ. ನಾನು ಪೆನ್ಸಿಲ್‌ನಲ್ಲಿ ಬರೆದೂ ಬಿಟ್ಟೆ. ಹಾಸ್ಟೆಲ್‌ಗೆ ಬಂದು ಕೊನೇ ಲೆಕ್ಕಕ್ಕೆ ಕೂತೆ: ದಿನಕ್ಕೆ ಇಷ್ಟು ನೀರು ಸೋಸೋಕೆ ಎಷ್ಟು ಚದರ ಮೀಟರ್ ಪೊರೆ ಬೇಕು? 35 ಹಾಕಿದರೆ ಒಂದು ಉತ್ತರ, 9 ಹಾಕಿದರೆ ಅದರ ಸುಮಾರು ನಾಲ್ಕು ಪಟ್ಟು. ನನ್ನ 35 ನಂಬಿಕೊಂಡು ಯಾರಾದರೂ ಪ್ಲಾಂಟ್ ಕಟ್ಟಿದರೆ ಉಳಿದ ಮುಕ್ಕಾಲು ನೀರು ಎಲ್ಲಿಗೆ ಹೋಗುತ್ತೆ? ನಮ್ಮ ರೆಕಾರ್ಡ್ ನೋಡಿ ಯಾರೂ ಕಟ್ಟಲ್ಲ, ಗೊತ್ತು. ಆದರೂ ರಬ್ಬರ್ ಹುಡುಕಿದೆ.

ಮರುದಿನ ಬೆಚ್ಚಗಿನ ಕಾಸ್ಟಿಕ್ ನೀರಲ್ಲಿ ತೊಳೆದೆವು. ಹೊಸ ಪೊರೆಯಲ್ಲಿ ಬರೀ ನೀರು 60 ಎಂಎಲ್ ಬರ್ತಿತ್ತು, ಈಗ 49. ಉಳಿದದ್ದು ರಂಧ್ರದೊಳಗೇ ಕೂತಿದೆ.

ಭಾನುವಾರ ಅಜ್ಜಿಗೆ ಹೇಳಿದೆ, ನಮ್ಮ ಪೊರೆಗೂ ಪೊರೆ ಬಂತು, ತೆಗೆದರೂ ಪೂರ್ತಿ ಹೋಗಲಿಲ್ಲ ಅಂತ. ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು, "ದಿನಾ ಡ್ರಾಪ್ಸ್ ಹಾಕ್ತಿದ್ರೋ ಇಲ್ವೋ?"