ಮಡೈರಾ: ಗಾಳಿ ಒಪ್ಪಿದರೆ ಮಾತ್ರ ಇಳಿಯಬಹುದು

ಕಿಟಕಿಯಾಚೆ ಕೆಂಪು ಹೆಂಚಿನ ಮನೆಗಳು, ಬಾಳೆತೋಟ. ಇನ್ನೇನು ಚಕ್ರ ನೆಲ ಮುಟ್ಟಿತು ಅನ್ನುವಾಗ ಎಂಜಿನ್ ಒಮ್ಮೆಲೇ ಗರ್ಜಿಸಿತು. ವಿಮಾನ ಮೂತಿ ಎತ್ತಿ ಮತ್ತೆ ಮೇಲೇರಿತು. ಪಕ್ಕದಲ್ಲಿದ್ದ ಅಮ್ಮ ನನ್ನ ಕೈ ಹಿಡಿದಳು.

“ಎಂತ ಆಯ್ತು? ಇಳೀಲಿಲ್ವಾ?”

“ಗಾಳಿ ಜಾಸ್ತಿ ಅಂತೆ ಅಮ್ಮ. ಇನ್ನೊಂದು ಸುತ್ತು ಬರ್ತಾರೆ.”

ಮಡೈರಾ ಪೋರ್ಚುಗಲ್‌ಗೆ ಸೇರಿದ, ಅಟ್ಲಾಂಟಿಕ್ ಸಾಗರದ ಜ್ವಾಲಾಮುಖಿ ದ್ವೀಪ. ಕೆಲಸದ ಮೇಲೆ ಲಿಸ್ಬನ್‌ನಲ್ಲಿರೋ ನನ್ನನ್ನು ನೋಡಲು ಅಮ್ಮ ಊರಿಂದ ಬಂದಿದ್ದಳು. ನಾಲ್ಕು ದಿನ ರಜೆ ಹಾಕಿ ಇಲ್ಲಿಗೆ ಹೊರಟಿದ್ವಿ. ಇಲ್ಲಿನ ಲ್ಯಾಂಡಿಂಗ್ ವಿಡಿಯೋಗಳನ್ನು ನೀವೂ ಯೂಟ್ಯೂಬ್‌ನಲ್ಲಿ ನೋಡಿರಬಹುದು. ನಾನು ನೋಡಿದ್ದೆ. ಅಮ್ಮನಿಗೆ ತೋರಿಸಿರಲಿಲ್ಲ.

ಕಾರಣ ಇದೆ. ನಮ್ಮ ಮನೆ ಬಜ್ಪೆ ಹತ್ತಿರ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನ ಮಂಗಳೂರಿನ ಟೇಬಲ್‌ಟಾಪ್ ರನ್‌ವೇ ದಾಟಿ ಕಣಿವೆಗೆ ಬಿದ್ದಾಗ ನಾನಿನ್ನೂ ಹೈಸ್ಕೂಲ್ ಹುಡುಗ. 158 ಜನ ಹೋದರು. ಅಂದಿನಿಂದ ಅಮ್ಮನಿಗೊಂದು ಅಭ್ಯಾಸ: ವಿಮಾನದ ಸದ್ದು ಕೇಳಿದರೆ ಅಂಗಳಕ್ಕೆ ಬಂದು, ಅದು ಕಣ್ಮರೆಯಾಗುವವರೆಗೂ ನೋಡುತ್ತಾ ನಿಲ್ಲೋದು.

ಮಡೈರಾದ ರನ್‌ವೇಗೆ ಒಂದು ಬದಿ ಬೆಟ್ಟ, ಇನ್ನೊಂದು ಬದಿ ಸಮುದ್ರ. ನಾವು ಬಂದ ದಿಕ್ಕಿನಿಂದ ಇಳಿಯಬೇಕಾದರೆ ವಿಮಾನ ಮೊದಲು ಬೆಟ್ಟದ ಕಡೆಗೇ ಮುಖ ಮಾಡಿ, ಕೊನೇ ಗಳಿಗೆಯಲ್ಲಿ ಬಲಕ್ಕೆ ಹೊರಳಿ ರನ್‌ವೇಗೆ ನೇರವಾಗಬೇಕು. ಉತ್ತರದ ಗಾಳಿ ದ್ವೀಪದ ಬೆಟ್ಟಗಳನ್ನು ದಾಟಿ ಈಚೆ ಇಳಿಯುವಾಗ, ಬಂಡೆ ದಾಟಿದ ಹೊಳೆನೀರಿನ ಹಾಗೆ ಸುಳಿ ಸುಳಿಯಾಗುತ್ತೆ. ಇಲ್ಲಿ ಇಳಿಸೋಕೆ ಪೈಲಟ್‌ಗಳಿಗೆ ವಿಶೇಷ ತರಬೇತಿ ಬೇಕು. ಗಾಳಿಗೂ ಮಿತಿ ಹಾಕಿದ್ದಾರೆ, ಮೀರಿದರೆ ಇಳಿಯುವಂತಿಲ್ಲ.

ಎರಡನೇ ಸುತ್ತು. ಮತ್ತೆ ಬೆಟ್ಟ, ಮತ್ತೆ ಬಾಳೆತೋಟ, ಮತ್ತೆ ಎಂಜಿನ್ ಗರ್ಜನೆ. ಆಮೇಲೆ ಕ್ಯಾಪ್ಟನ್ ದನಿ: ಪಕ್ಕದ ಪೋರ್ಟೊ ಸಾಂಟೊ ದ್ವೀಪಕ್ಕೆ ಹೋಗ್ತಿದ್ದೇವೆ.

ಪೋರ್ಟೊ ಸಾಂಟೊದ ಪುಟ್ಟ ಟರ್ಮಿನಲ್‌ನಲ್ಲಿ ಎಲ್ಲರೂ ಗೊಣಗುತ್ತಿದ್ದರು. ನಾನೂ ಗೊಣಗಿದೆ. “ಹೋಟೆಲ್ ದುಡ್ಡು ವಾಪಸ್ ಬರಲ್ಲ ಅಮ್ಮ. ಇನ್ನೊಂದ್ಸಲ ಟ್ರೈ ಮಾಡಿದ್ರೆ ಇವರ ಗಂಟೇನು ಹೋಗ್ತಿತ್ತು?”

ಅಮ್ಮ ಚೀಲದಿಂದ ಚಕ್ಕುಲಿ ತೆಗೆದು ಕೊಟ್ಟಳು. “ಆಗುದಿಲ್ಲ ಅಂತ ಹೇಳಿದ್ನಲ್ಲ, ಅವ ಒಳ್ಳೆಯವ.”

ಕಾಯುತ್ತಾ ಫೋನಿನಲ್ಲಿ ಓದಿದೆ. 1964ರಲ್ಲಿ ಶುರುವಾದಾಗ ಇಲ್ಲಿನ ರನ್‌ವೇ ಬರೀ 1600 ಮೀಟರ್. 1977ರ ನವೆಂಬರ್ 19ರ ರಾತ್ರಿ, ಮಳೆಯಲ್ಲಿ, ಒಂದು ಬೋಯಿಂಗ್ 727 ಎರಡು ಸಲ ಇಳಿಯದೆ ಮೇಲೇರಿ, ಮೂರನೇ ಸಲ ಇಳಿಯಿತು. ನಿಲ್ಲಲಿಲ್ಲ. ರನ್‌ವೇ ದಾಟಿ ಕೆಳಗೆ ಬಿತ್ತು. 164 ಜನರಲ್ಲಿ 131 ಮಂದಿ ಸತ್ತರು.

ಮೂರನೇ ಸಲ. ಚಕ್ಕುಲಿ ಗಂಟಲಲ್ಲೇ ನಿಂತಿತು.

ಮಂಗಳೂರಿನ ತನಿಖಾ ವರದಿಯಲ್ಲೂ ಇಂಥದ್ದೇ ಒಂದು ಮಾತಿದೆ. ಮತ್ತೆ ಮೇಲೇರೋಣ ಅಂತ ಸಹಪೈಲಟ್ ಮೂರು ಸಲ ಹೇಳಿದ್ದರು. ವಿಮಾನ ಏರಲಿಲ್ಲ. ಇದನ್ನೆಲ್ಲ ಓದುವಾಗ ನನ್ನ ಆಫೀಸ್ ನೆನಪಾಯ್ತು. ರಿಲೀಸ್ ರಾತ್ರಿ “ರೋಲ್‌ಬ್ಯಾಕ್ ಮಾಡೋಣ” ಅಂದವನನ್ನು ಪುಕ್ಕಲ ಅಂತ ನಕ್ಕವರಲ್ಲಿ ನಾನೂ ಒಬ್ಬ. ನಮ್ಮಲ್ಲಿ ಸರ್ವರ್ ಬೀಳುತ್ತೆ, ಅಷ್ಟೇ.

ಸಂಜೆ ಗಾಳಿ ತಗ್ಗಿತು. ಅದೇ ವಿಮಾನ, ಕಾಲು ಗಂಟೆಯ ದಾರಿ. ಬೆಟ್ಟ ಹತ್ತಿರ ಬಂತು, ಬಲರೆಕ್ಕೆ ಸಮುದ್ರದತ್ತ ವಾಲಿತು, ನೇರವಾಯಿತು, ಧಡ್ ಅಂತ ಇಳಿಯಿತು. ಜನ ಚಪ್ಪಾಳೆ ತಟ್ಟಿದರು. ಅಮ್ಮ ಕಣ್ಣು ಮುಚ್ಚಿಯೇ ಇದ್ದಳು.

ಮರುದಿನ ಅವಳನ್ನು ರನ್‌ವೇ ಕೆಳಗೇ ಕರೆದುಕೊಂಡು ಹೋದೆ. ಹೌದು, ಕೆಳಗೆ! 1977ರ ದುರಂತದ ನಂತರ ರನ್‌ವೇಯನ್ನು ಎರಡು ಹಂತದಲ್ಲಿ ಉದ್ದ ಮಾಡಿದರು. ಬೆಟ್ಟ ಜಾಗ ಕೊಡಲಿಲ್ಲ. ಹಾಗಾಗಿ 2000ನೇ ಇಸವಿಯ ಹೊತ್ತಿಗೆ ಸಮುದ್ರದಂಚಿನಲ್ಲಿ 180 ಕಾಂಕ್ರೀಟ್ ಕಂಬ ನಿಲ್ಲಿಸಿ, ಅದರ ಮೇಲೆ 2781 ಮೀಟರ್‌ವರೆಗೆ ಎಳೆದರು. ಒಂದೊಂದು ಕಂಬ ಮೂರು ಮೀಟರ್ ದಪ್ಪ. ನಡುವೆ ಹೆದ್ದಾರಿ ಹಾದುಹೋಗುತ್ತೆ, ಪಕ್ಕದಲ್ಲಿ ಟೆನಿಸ್ ಅಂಗಳ. ಸಾವಿರ ಕಂಬದ ಬಸದಿ ನೋಡಿದ ಅಮ್ಮನಿಗೂ ಕತ್ತೆತ್ತಿ ಕತ್ತೆತ್ತಿ ಸಾಕಾಯ್ತು.

ಆಗ ದೂರದಲ್ಲಿ ಸದ್ದು. ಅಮ್ಮ ಕಂಬಗಳ ಮಧ್ಯದಿಂದ ಬಯಲಿಗೆ ಓಡಿದಳು, ಥೇಟ್ ನಮ್ಮ ಅಂಗಳಕ್ಕೆ ಓಡುವ ಹಾಗೆ. ಹಣೆಗೆ ಕೈ ಅಡ್ಡ ಹಿಡಿದು ನಿಂತಳು. ವಿಮಾನ ಬೆಟ್ಟದ ಕಡೆ ಬಂತು, ಹೊರಳಿತು, ನಮ್ಮ ತಲೆ ಮೇಲೆ ಮರೆಯಾಯಿತು. ಗುಡುಗಿದ ಹಾಗೆ ಸದ್ದಾಗಿ ನಿಧಾನಕ್ಕೆ ಇಳಿಯಿತು.

“ಇಳೀತು,” ಅಂದಳು ಅಮ್ಮ. “ನಡಿ, ಇನ್ನು ಚಾ ಕುಡಿಯುವ.”