ಬದನೆಕಾಯಿ ಮೂಸೆಗಳ ಊರು ಜಾವರ್

ಉದಯಪುರಕ್ಕೆ ಹೋದವರೆಲ್ಲ ಕೆರೆ ನೋಡುತ್ತಾರೆ, ಅರಮನೆ ನೋಡುತ್ತಾರೆ, ಬಾಂಧನಿ ದುಪಟ್ಟಾ ಕೊಂಡು ಮರಳುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ, ಅರಾವಳಿ ಬೆಟ್ಟಗಳ ನಡುವೆ ಜಾವರ್ ಎಂಬ ಗಣಿಯೂರು ಇದೆ. ಒಂದು ದಿನ ಹೆಚ್ಚಿಗೆ ಸಿಕ್ಕಿದರೆ ಮಕ್ಕಳನ್ನೂ ಕರೆದುಕೊಂಡು ಅಲ್ಲಿಗೆ ಹೋಗಿ.

ಟಿಡಿ ನದಿಯ ದಂಡೆಯಲ್ಲಿರುವ ಆ ಊರಿನ ಹಳೆಯ ಗೋಡೆಗಳನ್ನು ಹತ್ತಿರ ನಿಂತು ನೋಡಿ. ಉದ್ದ ಬದನೆಕಾಯಿಯಂತೆ ಕಾಣುವ ಸುಟ್ಟ ಮಣ್ಣಿನ ಮೂಸೆಗಳನ್ನೇ ಇಟ್ಟಿಗೆಯ ಹಾಗೆ ಜೋಡಿಸಿ ಕಟ್ಟಿದ್ದಾರೆ. ಸುತ್ತಲಿನ ದಿಬ್ಬಗಳಲ್ಲೂ ಅವೇ. ಸತು ತೆಗೆದ ಮೇಲೆ ಎಸೆದ ಮೂಸೆಗಳು ಅವು.

ಸತು ಎಂದರೆ ನಮ್ಮ ಮನೆಗಳಲ್ಲಿ ಜಸ್ತ್ ಎನ್ನುತ್ತೇವಲ್ಲ, ಅದೇ. ಬಲು ತುಂಟ ಲೋಹ! ತಾಮ್ರ, ಸೀಸಗಳು ಕುಲುಮೆಯಲ್ಲಿ ಕರಗಿ ಕೆಳಗಿಳಿಯುತ್ತವೆ. ಸತುವನ್ನು ಅದಿರಿನಿಂದ ಬಿಡಿಸಲು 1000 ಡಿಗ್ರಿಗೂ ಹೆಚ್ಚು ಶಾಖ ಬೇಕು. ಆದರೆ 907 ಡಿಗ್ರಿಗೇ ಅದು ಕುದಿದು ಆವಿಯಾಗುತ್ತದೆ. ಗಾಳಿ ತಗಲಿದರೆ ಉರಿದು ಬಿಳಿ ಬೂದಿ. ಕೈಗೆ ಏನೂ ಉಳಿಯುವುದಿಲ್ಲ.

ಜಾವರಿನವರು ಏನು ಮಾಡಿದರು ಗೊತ್ತೇ? ಹುರಿದ ಅದಿರಿನ ಪುಡಿಗೆ ಉಪ್ಪು, ಸಗಣಿ ಮುಂತಾದವನ್ನು ಸೇರಿಸಿ ಪುಟ್ಟ ಪುಟ್ಟ ಉಂಡೆ ಕಟ್ಟಿದರು. ಉಂಡೆಗಳನ್ನು ಮೂಸೆಗೆ ತುಂಬಿ, ನಡುವೆ ಒಂದು ಕಡ್ಡಿ ಸಿಕ್ಕಿಸಿ, ಮೂತಿ ಕೆಳಗಾಗುವಂತೆ ಕುಲುಮೆಯಲ್ಲಿ ನಿಲ್ಲಿಸಿದರು. ಕಡ್ಡಿ ಇದ್ದುದರಿಂದ ಉಂಡೆಗಳು ಉದುರಲಿಲ್ಲ; ಬೆಂಕಿ ಏರಿದಾಗ ಅದು ಸುಟ್ಟುಹೋಗಿ ಆವಿಗೆ ದಾರಿಯಾಯಿತು. ಮೇಲೆ ಬೆಂಕಿ, ಕೆಳಗೆ ತಂಪು ಕೋಣೆ. ಅನ್ನದ ಪಾತ್ರೆಯ ಮುಚ್ಚಳದಲ್ಲಿ ಆವಿ ನೀರಾಗುತ್ತದಲ್ಲ, ಹಾಗೆ ಸತುವಿನ ಆವಿ ಕೆಳಗಿಳಿದು ತಣಿದು ಲೋಹವಾಯಿತು. ಒಂದೊಂದು ಕುಲುಮೆಗೆ 36 ಮೂಸೆ. ಅಡುಗೆ ಮಾಡಿ ಕೈ ಪಳಗಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಗಣಿಯೊಳಗಿನ ಕೆಲಸ ಇದಕ್ಕಿಂತ ಕಠಿಣ. ಬಂಡೆಗೆ ಬೆಂಕಿ ಹಚ್ಚಿ ಸೀಳಿಸುತ್ತಿದ್ದರು. ಆ ಹೊಗೆಯಲ್ಲೇ ಮರದ ಏಣಿ ಹಿಡಿದು ಇಳಿಯಬೇಕು. ಒಳಗೆ ಸಿಕ್ಕ ಮರಗಳಲ್ಲಿ ಕೆಲವು 2000 ವರ್ಷಕ್ಕೂ ಹಳೆಯವು. ಸತು ತೆಗೆಯುವ ಕೆಲಸ ದೊಡ್ಡದಾಗಿ ಬೆಳೆದದ್ದು ಮಧ್ಯಯುಗದಲ್ಲಿ. ಅಕ್ಬರನ ಕಾಲದಲ್ಲಿ ಅಬುಲ್ ಫಝಲ್ ಬರೆದ 'ಆಯಿನೆ ಅಕ್ಬರಿ'ಯಲ್ಲೂ ಜಾವರಿನ ಸತುವಿನ ಗಣಿಯ ಉಲ್ಲೇಖವಿದೆ. ಬಳಿಕ ಯುದ್ಧ, ಬರಗಳಿಂದ ಕುಲುಮೆಗಳು ಆರಿದವು.

ಇಂಗ್ಲೆಂಡಿನಲ್ಲಿ ವಿಲಿಯಂ ಚಾಂಪಿಯನ್ ಎಂಬವರು 1738ರಲ್ಲಿ ಸತು ತಯಾರಿಕೆಗೆ ಪೇಟೆಂಟ್ ಪಡೆದರು. ಅಲ್ಲೂ ಆವಿಯನ್ನು ಕೆಳಗಿಳಿಸುವ ವಿಧಾನವೇ! ಅವರ ಹೆಸರು ಪುಸ್ತಕಗಳಲ್ಲಿದೆ. ಜಾವರಿನಲ್ಲಿ ಮೂಸೆ ಮಾಡಿದವರ, ಉಂಡೆ ಕಟ್ಟಿದವರ, ಹೊಗೆ ಕುಡಿದವರ ಒಂದು ಹೆಸರೂ ಉಳಿದಿಲ್ಲ. 1980ರ ದಶಕದಲ್ಲಿ ಬರೋಡ ವಿಶ್ವವಿದ್ಯಾನಿಲಯ, ಬ್ರಿಟಿಷ್ ಮ್ಯೂಸಿಯಂ ಮತ್ತು ಹಿಂದೂಸ್ತಾನ್ ಝಿಂಕ್ ಸಂಸ್ಥೆಯವರು ಸೇರಿ ಅಗೆದಾಗ ಮೂಸೆಗಳು ಕುಳಿತಂತೆಯೇ ಇದ್ದ ಕುಲುಮೆಗಳು ಸಿಕ್ಕವು. ಅಲ್ಲಿಯವರೆಗೆ ಆ ಕೆಲಸದ ಪೂರ್ಣ ಚಿತ್ರ ಹೊರಜಗತ್ತಿಗೆ ಇರಲಿಲ್ಲ.

ನಿಮ್ಮ ಮನೆಯಲ್ಲಿ ಬೀದರಿನ ಬಿದ್ರಿ ಹೂದಾನಿಯೋ ಪಾನ್‌ದಾನೋ ಇದ್ದರೆ ಇಂದು ಒಮ್ಮೆ ಕೈಗೆತ್ತಿಕೊಳ್ಳಿ. ಬೆಳ್ಳಿಯ ಬಳ್ಳಿಯ ಹಿಂದಿನ ಆ ಕಪ್ಪು ಮೈಯಲ್ಲಿ ಬಹುಪಾಲು ಸತುವೇ, ಜೊತೆಗೆ ಸ್ವಲ್ಪ ತಾಮ್ರ.

ಹೋಗುವುದಾದರೆ ಚಳಿಗಾಲ ಒಳ್ಳೆಯದು. ಗಣಿಯಲ್ಲಿ ಈಗಲೂ ಕೆಲಸ ನಡೆಯುವುದರಿಂದ ಒಳಗೆ ಬಿಡುವುದಿಲ್ಲ. ಊರು, ದಿಬ್ಬ ನೋಡಲು ಅಡ್ಡಿಯಿಲ್ಲ. ಮಕ್ಕಳು ಒಂದು ಮೂಸೆಯನ್ನು ಚೀಲಕ್ಕೆ ಹಾಕಿಕೊಳ್ಳಲು ಹಠ ಮಾಡಿಯಾರು. ಕೈಯಲ್ಲಿ ಹಿಡಿದು, ಕಡ್ಡಿ ಇದ್ದ ತೂತನ್ನು ತೋರಿಸಿ, ಅಲ್ಲೇ ಇಡಿಸಿ.